ಅಳತೆಗೆ ಮಾಡಿಸಿದ ತಿಯೋರ್ಬೊ

ವೆನಿಸ್ಸಿನ ಆ ಅನಾಥಾಶ್ರಮದಲ್ಲಿ ಮೆನೆಗಿನಾಳಿಗೆ ಮನೆತನದ ಹೆಸರಿರಲಿಲ್ಲ. ನುಡಿಸುವ ವಾದ್ಯವೇ ಹೆಸರು: ತಿಯೋರ್ಬೊ ಮೆನೆಗಿನಾ. ಆಳೆತ್ತರದ ಆ ತಂತಿವಾದ್ಯವನ್ನು ತೊಡೆಗಾನಿಸಿಕೊಂಡು, ಚರ್ಚಿನ ಮಾಳಿಗೆಯಲ್ಲಿ ಕಬ್ಬಿಣದ ಜಾಲರಿಯ ಹಿಂದೆ ಕೂತು, ಹಾಡುವವರ ದನಿಗೆ ಮಂದ್ರದ ನೆಲ ಹಾಸುತ್ತ ಹದಿನಾರು ವರ್ಷ ಕಳೆದಿದ್ದಳು. ಈಗ ವಿಚೆಂಜಾದ ಮರದ ವ್ಯಾಪಾರಿ ತೊಮಿಯೊ ಅವಳನ್ನು ಮದುವೆಗೆ ಕೇಳಿದ್ದ. ಬೇರೆ ಹುಡುಗಿಯಾಗಿದ್ದರೆ ಆಡಳಿತದವರು ಹರಸಿ ಕಳಿಸುತ್ತಿದ್ದರು. ಒಳ್ಳೆಯ ಕೈಯನ್ನು ಅಷ್ಟು ಸುಲಭಕ್ಕೆ ಬಿಡುವವರಲ್ಲ ಅವರು.

ಅದಕ್ಕೇ ಅವಳು ಒಂದು ತಿಂಗಳಿಂದ ಬೆರಳು ನೋವೆಂದು ನಟಿಸುತ್ತಿದ್ದಳು. ಕೈ ಹೋಯಿತೆಂದರೆ ಬಿಡುಗಡೆ ಎಂಬ ಆಸೆ. ಆಡಳಿತದವರು ಮರುಗಿದರು. ಮರುಗಿ, ಅವಳ ಪುಟ್ಟ ಕೈಯ ಅಳತೆ ಕಳಿಸಿ, ಗಿಡ್ಡ ತಂತಿಯ ಹೊಸ ತಿಯೋರ್ಬೊ ಮಾಡಿಸಿ ತರಿಸಿದರು.

“ನಿನಗೇ ಅಂತ ಮಾಡ್ಸಿದ್ದು ಕಣೇ,” ಎಂದಳು ಸಂಗೀತ ಕಲಿಸುವ ಹಿರಿಯಳು ಮದಲೇನಾ. “ಸಂಜೆ ಪ್ರಾರ್ಥನೇಲಿ ಅವರೆಲ್ಲ ಕೆಳಗೆ ಕೂತು ಕೇಳ್ತಾರೆ. ಕೈಗೆ ಒಗ್ಗಿದ್ರೆ ಇನ್ನು ಹತ್ತು ವರ್ಷ ಇಲ್ಲೇ. ಒಗ್ಗದಿದ್ರೆ ನಿನ್ನ ಮರದವನ ಹಿಂದೆ ಹೋಗು.”

“ಒಗ್ಗಲ್ಲ ಬಿಡಿ ಅಮ್ಮ. ಈ ಬೆರಳಲ್ಲಿ ಚಮಚ ಹಿಡಿಯೋಕೂ ಆಗ್ತಿಲ್ಲ.”

“ಮತ್ತೆ ಬೆಳಿಗ್ಗೆ ಎರಡು ಬಟ್ಟಲು ಪೊಲೆಂತಾ ಗಂಜಿ ಹೇಗೆ ಒಳಗೋಯ್ತು, ನಡ್ಕೊಂಡಾ?”

ಸಂಜೆ, ಮೊದಲ ಚರಣ ಮೆನೆಗಿನಾ ಅಂದುಕೊಂಡಂತೆಯೇ ನಡೆಯಿತು. ಮಂದ್ರದ ತಂತಿಯನ್ನು ಬೇಕೆಂದೇ ತಡವಾಗಿ ಮುಟ್ಟಿದಳು, ಒಂದೆರಡು ಸ್ವರ ನುಂಗಿದಳು. ಕೆಳಗೆ ಯಾರೋ ಕೆಮ್ಮಿದರು. ಬಿಡುಗಡೆಯ ಬಾಗಿಲ ಅಗುಳಿ ಸರಿದಂತೆ ಕೇಳಿಸಿತು ಅವಳಿಗೆ.

ಎರಡನೆಯ ಚರಣದಲ್ಲಿ, ಮೊದಲ ಸಲ ಒಬ್ಬಳೇ ಹಾಡುತ್ತಿದ್ದ ಜಾನೆತ್ತಾ ಹೆದರಿ, ನಿಲ್ಲಬೇಕಾದ ಎರಡು ಮಾತ್ರೆ ನಿಲ್ಲದೆ ಮುಂದಕ್ಕೆ ಹಾರಿದಳು. ಆರ್ಗನ್ ನುಡಿಸುವವಳು ಹಾಳೆ ನೋಡಿಕೊಂಡು ಹಿಂದೆಯೇ ಉಳಿದಳು. ಹಾಡು ಕಾಲಡಿಯ ನೆಲ ಕಳೆದುಕೊಂಡು ನಡುಗಿತು. ಮೆನೆಗಿನಾ ಏನೂ ಯೋಚಿಸಲಿಲ್ಲ. ಹಾಡುವವಳು ಎಲ್ಲಿಗೆ ಹೋದರೂ ಜೊತೆಗೆ ಹೋಗಬೇಕೆಂದು ಹದಿನಾರು ವರ್ಷ ಕಲಿತ ಹೆಬ್ಬೆರಳು ಆಗಲೇ ಹಾರಿ, ಜಾನೆತ್ತಾಳ ಸ್ವರದಡಿಗೆ ಸರಿಯಾದ ಮಂದ್ರವನ್ನು ಒಡ್ಡಿತ್ತು. ಆ ಗಟ್ಟಿ ನಾದ ಹಿಡಿದುಕೊಂಡು ಆರ್ಗನ್ನೂ ದಾರಿಗೆ ಬಂತು. ಕೊನೆಯವರೆಗೂ ಬೆರಳು ಎಲ್ಲಿಯೂ ತಡವರಿಸಲಿಲ್ಲ.

“ವಾಸಿಯಾಯ್ತು ಅನ್ಸುತ್ತೆ,” ಮದಲೇನಾ ಪಿಸುಗುಟ್ಟಿದಳು.

“ಆ ಹುಡುಗಿ ಬೀಳ್ತಿದ್ಳು, ಅಮ್ಮ.”

“ಬೀಳೋಕೆ ಬಿಡಬಹುದಿತ್ತಲ್ಲ.”

ಮೆನೆಗಿನಾ ಜಾಲರಿಯ ಸಂದಿಯಿಂದ ಇಣುಕಿದಳು. ಕೆಳಗೆ ಆಡಳಿತದವರು ಜಾಲರಿಯತ್ತ ತಲೆಯೆತ್ತಿ, ಒಬ್ಬರಿಗೊಬ್ಬರು ಹೂಂಗುಟ್ಟುತ್ತಿದ್ದರು. ಮುಂದಿನ ಕೀರ್ತನೆಗೆ ಶ್ರುತಿ ಬೇರೆ. ಮಂದ್ರದ ತಂತಿಗಳನ್ನು ಮತ್ತೆ ಹೊಂದಿಸಬೇಕು. ಅವಳು ಕಿವಿಯನ್ನು ಮರಕ್ಕೊತ್ತಿ, ಬಿರಡೆ ತಿರುಗಿಸತೊಡಗಿದಳು.