ಹಿಮದಲ್ಲಿ ನಿಂತ ಬಯಲುತೋಳ

ಏಣಿಯ ಮೇಲೆ ನಿಂತು ಅವಳು ಗೋಡೆಯಲ್ಲಿ ಬರೆದಿದ್ದ ಹಿಮವನ್ನು ಕೆರೆಯುತ್ತಿದ್ದಳು. ಬಿಳಿಯ ಬಣ್ಣದ ಸಿಪ್ಪೆಗಳು ಕೆಳಗೆ ನಿಂತಿದ್ದ ತೋಳದ ಬೆನ್ನಿನ ಮೇಲೆ ಉದುರುತ್ತಿದ್ದವು.

"ಮೂರು ದಿನದ ಕೆಲಸ ಕಣೇ ಅದು," ಎಂದ ಭಾವ. ಮ್ಯೂಸಿಯಂನ ಗೋಡೆಗಳಿಗೆ ಚಿತ್ರ ಬರೆಯುವವನು ಅವನೇ. "ನಿಮ್ಮಕ್ಕನಿಗೆ ಹೇಳ್ತೀನಿ ನೋಡು."

"ಹೇಳಿ ಭಾವ. ಹಾಗೇ ಈ ತೋಳಕ್ಕೊಂದು ಸ್ವೆಟರ್ ಹೆಣೆಯೋಕೂ ಹೇಳಿ. ಇದರ ಕೂದಲು ನಿಮ್ಮ ತಲೇಲಿ ಉಳಿದಿರೋದಕ್ಕಿಂತ ತೆಳ್ಳಗಿದೆ."

ಅದು ಬಯಲಿನ ತೋಳ. ಊರಾಚೆ ಇಟ್ಟಿಗೆ ಗೂಡುಗಳನ್ನು ದಾಟಿದರೆ ಮೊಣಕಾಲೆತ್ತರದ ಹುಲ್ಲು, ಮುಳ್ಳಿನ ಪೊದೆ, ಕೆಂಪು ಮಣ್ಣು. ಒಣಹುಲ್ಲಿನ ಬಣ್ಣದ ಈ ಬಡಕಲು ತೋಳಗಳು ಅಲ್ಲಿ ಬಿಟ್ಟರೆ ಈ ಸೀಮೆಯಲ್ಲಿ ಬೇರೆಲ್ಲೂ ಇಲ್ಲ. ಲಾರಿಗೆ ಸಿಕ್ಕಿ ಸತ್ತಿದ್ದ ಇದರ ತೊಗಲು ಹದಮಾಡಿ, ತುಂಬಿ ನಿಲ್ಲಿಸಿದವನು ಅವಳ ಅಪ್ಪ. ಪ್ರಾಣಿಯ ಮೈಯಿಂದ ಹೆಕ್ಕಿದ್ದನ್ನೆಲ್ಲ ಸೀಸೆಯಲ್ಲಿಡುವುದು ಅವನ ಪದ್ಧತಿ. ಈ ತೋಳದ ಸೀಸೆಯಲ್ಲಿ ಹುಲ್ಲಿನ ಬೀಜ, ಕೆಂಪು ಧೂಳು, ಪಾದದಲ್ಲಿ ಮುರಿದಿದ್ದ ಎರಡು ಮುಳ್ಳು. ಚೀಟಿಯ ಮೇಲೆ ಸ್ಥಳ, ದಿನಾಂಕ. ಅವನ ಹೆಸರನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ನಿವೃತ್ತನಾಗುವವರೆಗೂ ಎಲ್ಲರೂ ಅವನನ್ನು 'ಏ ತೊಗಲು' ಎಂದೇ ಕರೆದರು. ಈಗ ಅಪ್ಪನ ಮೇಜಿನ ಮುಂದೆ ಅವಳಿದ್ದಳು, ದಿನಗೂಲಿಗೆ.

ಮ್ಯೂಸಿಯಂನ ನಿರ್ದೇಶಕರು ಬಂದು ನೆಲದ ಮೇಲಿನ ಸಿಪ್ಪೆಗಳನ್ನು ನೋಡಿದರು.

"ಕೆಳಗಿಳಿಯಮ್ಮ. ಈ ಕೋಣೆ ಕಟ್ಟಿಸಿಕೊಟ್ಟವರದ್ದೇ ಸಿಮೆಂಟ್ ಕಾರ್ಖಾನೆ ಆ ಬಯಲಲ್ಲಿ ಬರ್ತಾ ಇದೆ. ಅಲ್ಲಿ ತೋಳವೇ ಇರಲಿಲ್ಲ ಅಂತ ಅನುಮತಿ ಅರ್ಜಿಯಲ್ಲಿ ಬರೆದಿದ್ದಾರೆ, ಅದಕ್ಕೇ ಈ ಹಿಮ. ಆ ಸೀಸೆ ನನಗೆ ಕೊಟ್ಟುಬಿಡು."

"ಹಿಮದಲ್ಲಿ ಮುಳ್ಳು ಬೆಳೆಯುತ್ತಾ ಸಾರ್?"

"ವಾದ ಬೇಡ. ಸೋಮವಾರದಿಂದ ನಿನ್ನ ಕೆಲಸ ಕಾಯಂ. ಇದನ್ನೂ ನೋಡು."

ಕಾಗದದ ಸುತ್ತಿನಿಂದ ಹಿತ್ತಾಳೆಯ ಫಲಕ ತೆಗೆದು ಅವಳ ಕೈಗಿಟ್ಟರು. ಮೇಲೆ ಅಪ್ಪನ ಪೂರ್ತಿ ಹೆಸರು, ತಾತನ ಹೆಸರಿನ ಮೊದಲಕ್ಷರ ಸಮೇತ. ಕೆಳಗೆ, 'ಹಿಮಪ್ರದೇಶದ ತೋಳ'.

ಸಿಟ್ಟಿಗೆ ಅವಳ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಇವರಿಗೆ ಆ ಹೆಸರು ಗೊತ್ತಿತ್ತು.

"ತಗೊಳ್ಳೇ," ಭಾವ ಮೆಲ್ಲಗೆ ಹೇಳಿದ. "ಮಾವನೋರು ಇದ್ದಿದ್ರೆ ಎಷ್ಟು ಖುಷಿಪಡ್ತಿದ್ರು."

ಅವಳು ಫಲಕವನ್ನು ನಿರ್ದೇಶಕರ ಕೈಗೇ ವಾಪಸಿಟ್ಟಳು. ಸೀಸೆ ಅವಳ ಜೇಬಿನಲ್ಲೇ ಇತ್ತು.

"ಬೇಡ."