ಹಿಮ್ಮಡಿಯ ಲಾಳ

"ಶೂ ಅಂದ್ರೆ ಕಣ್ಣಲ್ಲಿ ನೋಡಿ ಕಾಲಿಗೆ ಹಾಕ್ಕೊಳ್ಳೋದಮ್ಮಾ. ನೀವೇನು, ಕಿವಿಗೆ ಹಾಕ್ಕೋತೀರೋ?"

ಅಂಗಡಿಯವನ ಮಾತಿಗೆ ಅವಳು 'ತಾಳಿ' ಎಂದು ಬೆರಳೆತ್ತಿ ಸನ್ನೆ ಮಾಡಿ, ಕನ್ನಡಿಯಿಂದ ಬಾಗಿಲವರೆಗೆ ಇನ್ನೊಮ್ಮೆ ನಡೆದಳು. ಕಣ್ಣು ಮುಚ್ಚಿಕೊಂಡೇ ನಡೆದದ್ದರಿಂದ, ಬಾಗಿಲ ಬಳಿ ಪೇರಿಸಿಟ್ಟಿದ್ದ ಡಬ್ಬಗಳಿಗೆ ಡಿಕ್ಕಿ ಹೊಡೆಯುವುದೊಂದು ಬಾಕಿ. ಕಾಲಲ್ಲಿದ್ದದ್ದು ಥಳಥಳ ಹೊಳೆಯುವ ಕರಿ ಶೂ. ಚೆಂದಕ್ಕೆ ಎರಡು ಮಾತಿಲ್ಲ. ಆದರೆ ಹೆಜ್ಜೆಗೊಮ್ಮೆ ಕಿರ್ ಎನ್ನುತ್ತಿತ್ತು.

"ಬೇಡಪ್ಪಾ, ಇದು ಮಾತಾಡುತ್ತೆ," ಎಂದು ಬಿಚ್ಚಿಟ್ಟಳು.

ಪಾಪ, ಅವನದೇನು ತಪ್ಪು? ಹೆರಿಗೆ ಆಸ್ಪತ್ರೆಯ ಹಸುಗೂಸುಗಳ ವಾರ್ಡಿನಲ್ಲಿ ಅವಳಿಗೆ ಆಯಾ ಕೆಲಸ ಸಿಕ್ಕಿದೆ, ಸೋಮವಾರ ಬೆಳಿಗ್ಗೆ ಹಾಜರಾಗಬೇಕು ಎಂಬುದು ಅವನಿಗೆ ಹೇಗೆ ಗೊತ್ತಾಗಬೇಕು? ಅಲ್ಲಿನ ದೊಡ್ಡ ಸಿಸ್ಟರ್ ಕನ್ನಡಕದ ಮೇಲಿಂದ ನೋಡಿ ಖಡಾಖಂಡಿತವಾಗಿ ಹೇಳಿದ್ದರು: "ಕರಿ ಶೂ, ಪೂರ್ತಿ ಮುಚ್ಚಿರಬೇಕು, ನೀಟಾಗಿರಬೇಕು. ಬಳೆ ಬೇಡ, ಸದ್ದು ಬೇಡ. ಒಂದು ಕೂಸು ಎದ್ರೆ ವಾರ್ಡೇ ಎದ್ದುಬಿಡುತ್ತೆ. ಹಿಂದಿನವಳನ್ನ ಚಪ್ಪಲಿ ಚಟಪಟ ಅಂತಲೇ ಕಳಿಸಿದ್ದು."

ಗಂಡ ಗೋಡೆಗೆ ಬಣ್ಣ ಬಳಿಯುವವನು; ಕೆಲಸ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅವಳು ಎಷ್ಟು ಬಾಗಿಲು ತಟ್ಟಿದ್ದಳೋ, ತೆರೆದದ್ದು ಇದೊಂದೇ. ಅದನ್ನು ಒಂದು ಜೊತೆ ಶೂ ಮುಚ್ಚಿಬಿಟ್ಟರೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು ಆ ಕಾಲಿಗೆ ಶೂ ಹುಡುಕುವ ಕಷ್ಟವನ್ನೇನೂ ಹೇಳಿ ಹೋಗಲಿಲ್ಲ. ಚೆನ್ನಾಗಿದ್ದದ್ದು ಕೈಗೆ ಎಟುಕುತ್ತಿರಲಿಲ್ಲ, ಕೈಗೆ ಎಟುಕಿದ್ದು ಬಾಳಿಕೆ ಬರುವಂತಿರಲಿಲ್ಲ, ಬಾಳಿಕೆ ಬರುವಂಥದ್ದು ಸದ್ದು ಮಾಡುತ್ತಿತ್ತು.

ಕೊನೆಗೆ ಅಂಗಡಿಯವನು ಸೋತು, ಕೆಳಗಿನ ಹಲಗೆಯಿಂದ ಧೂಳು ಹಿಡಿದ ಡಬ್ಬವೊಂದನ್ನು ಎಳೆದ. "ಹೋಟೆಲಲ್ಲಿ ಬಡಿಸೋರು ತಗೊಂಡು ಹೋಗ್ತಾರೆ ಇದನ್ನ. ನೋಡೋಕೆ ಸಾಧು, ಬಾಳೋಕೆ ಗಟ್ಟಿ, ಬಾಯಿ ಮಾತ್ರ ಇಲ್ಲ."

"ಗಂಡು ಹುಡುಕುವಾಗ ನೀವಿರಬೇಕಿತ್ತು ಕಣ್ರೀ," ಎಂದು ನಕ್ಕು ಅವಳು ಕಾಲು ತೂರಿಸಿದಳು. ದಪ್ಪ ರಬ್ಬರಿನ ತಳ, ಸುತ್ತಲೂ ಎರಡು ಸಾಲು ಹೊಲಿಗೆ. ನಡೆದಳು. ಸದ್ದಿಲ್ಲ! ಬೇಕೆಂದೇ ಕುಟ್ಟಿ ನಡೆದಳು. ಊಹೂಂ. ಬೆಕ್ಕು ಅಡಿಗೆಮನೆಗೆ ಹೋದಂತಿತ್ತು. ಆಮೇಲೆ ಅವನೊಂದು ರೇಟು ಹೇಳಿದ, ಇವಳೊಂದು ಹೇಳಿದಳು; ಎರಡು ಸಲ ಬಾಗಿಲವರೆಗೆ ಹೋಗಿ ವಾಪಸು ಬಂದಳು, ಈ ಸಲ ಶೂ ಪರೀಕ್ಷೆಗಲ್ಲ. ಮೂರನೆಯ ಸಲ ಅವನೇ ಕೂಗಿ ಕರೆದ.

ಮನೆಯ ಹೊಸಿಲ ಪಕ್ಕದ ಸ್ಟೂಲಿನಲ್ಲಿ ಮಾವ ಕಾದು ಕೂತಿದ್ದರು. ನೂಲಿನ ಮಿಲ್ಲಿನಲ್ಲಿ ಗೇಟು ಕಾಯ್ದು ನಿವೃತ್ತರಾದವರು. ಮಂಡಿ ನೋವು ಹಿಡಿದುಕೊಂಡ ಮೇಲೆ ಆ ಸ್ಟೂಲೇ ಅವರ ಗೇಟು. ಒಂದು ಕಾಲಕ್ಕೆ ಅವರ ಬೂಟಿನ ಹಿಮ್ಮಡಿಗೆ ಕಬ್ಬಿಣದ ಲಾಳ ಹೊಡೆದಿರುತ್ತಿತ್ತಂತೆ. ಟಕ್ ಟಕ್ ಸದ್ದು ಕೇಳಿದರೆ ಸಾಕು, ಮಿಲ್ಲಿನಲ್ಲಿ ತೂಕಡಿಸುತ್ತಿದ್ದವರೆಲ್ಲ ಎದ್ದು ನಿಲ್ಲುತ್ತಿದ್ದರಂತೆ. ಅವರ ಹೆಸರೇ ಮರೆತುಹೋಗಿ ಟಕ್‌ಟಕ್ ಸಾಹೇಬರು ಎಂದೇ ಆಗಿತ್ತು. ಮನೆಗೆ ಯಾವ ಹೊಸ ಬೂಟು ಬಂದರೂ ಮೊದಲು ಲಾಳ, ಆಮೇಲೆ ಕಾಲಿಗೆ. ಇದು ಆ ಮನೆಯ ಕಾನೂನು. ಮಗ ಶಾಲೆಗೆ ಹೋಗುವಾಗಲೂ ಟಕ್ ಟಕ್ ಎಂದೇ ಹೋಗುತ್ತಿದ್ದನಂತೆ.

"ನಿಮ್ಮತ್ತೆ ನನ್ನ ಸದ್ದು ಕೇಳಿಯೇ ಟೀಗೆ ನೀರಿಡೋಳು," ಎಂದು ಅವರು ಆಗಾಗ ಹೇಳುತ್ತಿದ್ದರು. "ನಾನು ಮೂಲೆ ತಿರುಗಿ ಒಳಗೆ ಬರೋದಕ್ಕೂ ನೀರು ಕುದಿಯೋದಕ್ಕೂ ಸರಿಹೋಗೋದು."

ಈಗ ಅವರು ಹೊಸ ಶೂವನ್ನು ಬಗ್ಗಿಸಿ ನೋಡಿದರು, ಮೂಸಿ ನೋಡಿದರು, ಗೆಣ್ಣಿನಿಂದ ತಟ್ಟಿ ನೋಡಿದರು. "ಎಲ್ಲಾ ಸರಿ ಕಣಮ್ಮಾ. ಹಿಮ್ಮಡಿ ಒಂದು ಮೆತ್ತಗಾಯ್ತು. ಶೂ ಸಾಯೋದೇ ಹಿಮ್ಮಡಿಯಿಂದ."

"ಕಾಲಿಗೆ ಹಿತವಾಗಿರುತ್ತೆ ಮಾವ," ಎಂದಳು. ಸದ್ದಿನ ವಿಷಯ ಎತ್ತಲಿಲ್ಲ. ಜೀವಮಾನವೆಲ್ಲ ಸದ್ದು ಮಾಡಿಯೇ ಅನ್ನ ತಿಂದವರ ಎದುರು 'ಸದ್ದು ಮಾಡಿದರೆ ಕೆಲಸ ಹೋಗುತ್ತದೆ' ಎನ್ನುವುದು ಹೇಗೆ? ಹೇಳಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ, ಆ ಮಾತು ಬೇರೆ.

ಭಾನುವಾರ ಮಧ್ಯಾಹ್ನ ಅವಳು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಒಳಗಿನಿಂದ ಸುತ್ತಿಗೆಯ ಸದ್ದು ಬಂತು. ಸ್ಟೂಲಿನ ಕಾಲು ಅಲ್ಲಾಡುತ್ತಿತ್ತಲ್ಲ, ಅದಕ್ಕೆ ಮೊಳೆ ಹೊಡೆಯುತ್ತಿರಬೇಕು ಎಂದುಕೊಂಡು ಬಟ್ಟೆ ಹಿಂಡಿದಳು.

ಸೋಮವಾರ ಬೆಳಿಗ್ಗೆ ಹೊರಟು ನಿಂತಾಗ ಶೂ ಹೊಸಿಲ ಬಳಿ ಜೋಡಿಸಿಟ್ಟಿತ್ತು. ಮಾವ ಶೇವ್ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ತಮಗೇ ಕೆಲಸ ಸಿಕ್ಕವರಂತೆ ಕೂತಿದ್ದರು. ಕಾಲು ತೂರಿಸಿ ಒಂದು ಹೆಜ್ಜೆ ಇಟ್ಟಳು.

ಟಕ್.

ಕಾಲೆತ್ತಿ ನೋಡಿದರೆ ಹಿಮ್ಮಡಿಗೆ ಅರ್ಧಚಂದ್ರದಂಥ ಲಾಳ, ಉಜ್ಜಿ ಉಜ್ಜಿ ಬೆಳ್ಳಿಯಂತೆ ಹೊಳೆಸಿದ್ದು.

"ನನ್ನ ಡಬ್ಬದಲ್ಲಿ ಒಂದೇ ಜೊತೆ ಉಳಿದಿತ್ತು," ಎಂದರು ಮಾವ. ಮುಖ ಊರಗಲವಾಗಿತ್ತು. "ನಿನಗೇ ಅಂತಿತ್ತೇನೋ. ಇನ್ನು ಹತ್ತು ವರ್ಷ ಚಿಂತೆ ಇಲ್ಲ. ಎಲ್ಲಿ, ನಡೆದು ತೋರಿಸು!"

ನುಂಗುವಂತಿಲ್ಲ, ಉಗುಳುವಂತಿಲ್ಲ. ಅವಳು ನಡೆದು ತೋರಿಸಿದಳು. ಟಕ್ ಟಕ್ ಟಕ್. ಮಾವ ಕಣ್ಣು ಮುಚ್ಚಿ ತಲೆ ಆಡಿಸಿದರು. "ಹಾಂ! ಸಂಜೆ ನೀನು ಮೂಲೆ ತಿರುಗೋ ಮೊದಲೇ ನನಗೆ ಗೊತ್ತಾಗುತ್ತೆ."

"ಚೆನ್ನಾಗಿದೆ ಮಾವ," ಎಂದಳು. ಬಂದದ್ದು ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ. ಬೀದಿಯುದ್ದಕ್ಕೂ ಜನ ತಿರುಗಿ ತಿರುಗಿ ನೋಡಿದರು. ಹಾಲಿನವನು ಸೈಕಲ್ಲನ್ನು ಪಕ್ಕಕ್ಕೆ ಸರಿಸಿ, "ಯಾವುದೋ ಕುದುರೆ ಬಂತು ಅಂದ್ಕೊಂಡೆ," ಎಂದ.

"ಕುದುರೆಯೇ. ಒದೀತೀನಿ, ದಾರಿ ಬಿಡು," ಎಂದು ಅವಳು ಮುಂದೆ ಹೋದಳು.

ವಾರ್ಡಿನ ಬಾಗಿಲಲ್ಲಿ ಒಂದು ಉಪಾಯ ಹೊಳೆಯಿತು. ಲಾಳ ಇರುವುದು ಹಿಮ್ಮಡಿಗೆ ತಾನೆ? ಹಿಮ್ಮಡಿ ಊರದಿದ್ದರಾಯಿತು! ಆ ಗಳಿಗೆಯಿಂದ ತುದಿಗಾಲ ನಡಿಗೆ ಶುರುವಾಯಿತು. ತುದಿಗಾಲಲ್ಲೇ ತೊಟ್ಟಿಲು ಒರೆಸಿದಳು, ತುದಿಗಾಲಲ್ಲೇ ಬಟ್ಟೆ ಬದಲಿಸಿದಳು, ತುದಿಗಾಲಲ್ಲೇ ಬಕೆಟ್ಟು ಹೊತ್ತಳು. ಕೂಸುಗಳು ಮುಷ್ಟಿ ಬಿಗಿದುಕೊಂಡು, ತುಟಿ ಚಪ್ಪರಿಸುತ್ತಾ, ಜಗತ್ತಿನ ಗೊಡವೆಯೇ ಬೇಡವೆಂದು ನಿದ್ದೆ ಹೊಡೆಯುತ್ತಿದ್ದವು. ಅವನ್ನು ನೋಡುತ್ತಿದ್ದರೆ ಮೀನಖಂಡದ ನೋವು ಕೂಡ ಮರೆಯುತ್ತಿತ್ತು. ಈ ಕೆಲಸ ಮಾತ್ರ ಕೈಬಿಡಬಾರದು ದೇವರೇ ಎಂದುಕೊಂಡಳು.

"ಏನಮ್ಮಾ, ಡ್ಯಾನ್ಸ್ ಕ್ಲಾಸಿಂದ ಬಂದಿದ್ದೀಯಾ?" ಎಂದರು ದೊಡ್ಡ ಸಿಸ್ಟರ್, ಪಿಸುಮಾತಿನಲ್ಲಿ.

"ಅಭ್ಯಾಸ ಸಿಸ್ಟರ್," ಎಂದು ಇವಳೂ ಪಿಸುಗುಟ್ಟಿದಳು.

ಮಧ್ಯಾಹ್ನದ ಹೊತ್ತಿಗೆ ಪಾಪಚ್ಚಿಯೊಂದು ರಚ್ಚೆ ಹಿಡಿದಿತ್ತು. ಎತ್ತಿಕೊಂಡು, ಬೆನ್ನು ಸವರಿ ಸವರಿ ಮಲಗಿಸಿ, ತೊಟ್ಟಿಲ ಕಡೆ ಹೊರಟಿದ್ದಾಳೆ, ಮೀನಖಂಡ ಕಲ್ಲಿನಂತೆ ಸೆಟೆದುಕೊಂಡಿತು. ಕೂಸನ್ನು ಎದೆಗೆ ಅವುಚಿಕೊಂಡಳು. ಹಿಮ್ಮಡಿ ಕಲ್ಲಿನ ನೆಲಕ್ಕೆ ಬಿತ್ತು.

ಟಕ್!

ಕೈಯಲ್ಲಿದ್ದ ಕೂಸು ಒಂದೇ ಕಣ್ಣು ತೆರೆದು ನೋಡಿ ಮುಚ್ಚಿಕೊಂಡಿತು. ಅದೇನೋ ಒಳ್ಳೆಯದು. ಆದರೆ ಮೂಲೆಯ ತೊಟ್ಟಿಲು 'ಉಂವಾ' ಎಂದಿತು. ಅದರ ಪಕ್ಕದ್ದು ದನಿಗೂಡಿಸಿತು. ಅದರ ಪಕ್ಕದ್ದು ಬಿಡುತ್ತದೆಯೇ? ನೋಡನೋಡುತ್ತಿದ್ದಂತೆ ವಾರ್ಡಿಗೆ ವಾರ್ಡೇ ಆಕಾಶ ಭೂಮಿ ಒಂದು ಮಾಡಿತು. ಸಿಸ್ಟರುಗಳು ದಡಬಡ ಓಡಿ ಬಂದರು. ಎಲ್ಲವನ್ನೂ ಸುಮ್ಮನಾಗಿಸುವ ಹೊತ್ತಿಗೆ ಊಟದ ಸಮಯ ಮುಗಿದೇಹೋಗಿತ್ತು.

ದೊಡ್ಡ ಸಿಸ್ಟರ್ ಅವಳನ್ನು ಹೊರಗಿನ ಬೆಂಚಿನ ಬಳಿ ಕರೆದು ಕೈಚಾಚಿದರು. ಅವಳು ಶೂ ಬಿಚ್ಚಿ ಕೊಟ್ಟಳು. ಅವರು ತಿರುಗಿಸಿ ಲಾಳದ ಮೇಲೆ ಬೆರಳಾಡಿಸಿದರು.

"ಯಾರ ಕೆಲಸ ಇದು?"

"ನಮ್ಮ ಮಾವನವರದು. ಶೂ ಹತ್ತು ವರ್ಷ ಬಾಳಲಿ ಅಂತ... ಸದ್ದು ಮಾಡಬಾರದು ಅಂತ ನಾನೇ ಅವರಿಗೆ ಹೇಳಿರಲಿಲ್ಲ."

"ಮೊದಲ ದಿನವೇ ಹತ್ತು ವರ್ಷದ ಏರ್ಪಾಡೋ! ಇವತ್ತೇ ತೆಗೆಸಿಬಿಡು."

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದದ್ದೂ ಹೂಂ ಎನ್ನಲಿಕ್ಕೇ. ಆದರೆ ಕಣ್ಣು ಮುಚ್ಚಿ ತಲೆ ಆಡಿಸಿದ ಮಾವನ ಮುಖ ಎದುರಿಗೆ ಬಂತು.

"ಆಗಲ್ಲ ಸಿಸ್ಟರ್. ಸಂಜೆ ಆ ಸದ್ದಿಗೇ ಕಿವಿ ಕೊಟ್ಟು ಕೂತಿರ್ತಾರೆ. ಈ ಕೆಲಸ ನನಗೆ ಬೇಕೇ ಬೇಕು. ನೀವು ಏನು ಹೇಳಿದ್ರೂ ಮಾಡ್ತೀನಿ. ಅದನ್ನ ಮಾತ್ರ ಕೀಳಿಸಲ್ಲ."

ದೊಡ್ಡ ಸಿಸ್ಟರ್ ಶೂವನ್ನು ಬೆಂಚಿನ ಮೇಲಿಟ್ಟು ಒಳಗೆ ಹೊರಟುಹೋದರು. ಮುಗಿಯಿತು ಕಥೆ ಎಂದು ಅವಳು ಬರಿಗಾಲಲ್ಲಿ ಕೂತಳು. ಮನೆಯಲ್ಲಿ ಏನು ಹೇಳುವುದು? ಇಸ್ತ್ರಿ ಅಂಗಿ ತೊಟ್ಟು ಕೂತವರಿಗೆ ಯಾವ ಬಾಯಲ್ಲಿ ಹೇಳುವುದು? ಕಣ್ಣಲ್ಲಿ ನೀರಾಡಿತು.

ತೊಡೆಯ ಮೇಲೆ ಏನೋ ಬಂದು ಬಿತ್ತು. ಆಪರೇಷನ್ ಕೋಣೆಗೆ ಹೋಗುವವರು ಶೂ ಮೇಲೆ ಹಾಕಿಕೊಳ್ಳುವ ಬಟ್ಟೆಯ ಗವಸು, ಹಸಿರು ಬಣ್ಣದ್ದು, ಎರಡು ಜೊತೆ.

"ಒಂದರ ಮೇಲೊಂದು ಹಾಕ್ಕೋ. ಈ ಬಾಗಿಲ ಒಳಗೆ ನನ್ನ ಮಾತು, ಹೊರಗೆ ನಿಮ್ಮ ಮಾವನ ಮಾತು. ಮರೆತು ಬಂದೆಯೋ, ಲಾಳದ ಜೊತೆ ನೀನೂ ಹೊರಗೆ!" ಎಂದು ಗದರಿದರು. ಗದರಿಕೆಯ ಕೊನೆಗೆ ತಡೆಯಲಾರದೆ ಕಿಸಕ್ಕನೆ ನಕ್ಕುಬಿಟ್ಟರು. "ಕುದುರೆ ಸಾಕಿದ್ದೀನಿ ನೋಡಿ ವಾರ್ಡಲ್ಲಿ," ಎಂದುಕೊಳ್ಳುತ್ತಾ ಹೋದರು.

ಸಂಜೆ ಗವಸು ಮಡಿಚಿ ಚೀಲದಲ್ಲಿಟ್ಟುಕೊಂಡು ಹೊರಬಿದ್ದಳು. ಕಾಲುಗಳು ಪದ ಹೇಳುತ್ತಿದ್ದವು. ಎರಡೆರಡು ಸಲ ನಿಂತು ಮೀನಖಂಡ ಒತ್ತಿಕೊಂಡಳು. ಆದರೂ ತಮ್ಮ ಬೀದಿಯ ಮೂಲೆ ಹತ್ತಿರವಾದಾಗ ಬೆನ್ನು ತಾನಾಗಿ ನೆಟ್ಟಗಾಯಿತು. ಹಿಮ್ಮಡಿಯನ್ನು ಪೂರ್ತಿ ಊರಿದಳು. ಟಕ್, ಟಕ್, ಟಕ್. ಆಹಾ, ದಿನವೆಲ್ಲ ಹಿಡಿದಿಟ್ಟ ಉಸಿರನ್ನು ಬಿಟ್ಟಂತಾಯಿತು! ಬೇಕೆಂದೇ ಇನ್ನಷ್ಟು ಗಟ್ಟಿಯಾಗಿ ಊರಿದಳು. ಟಕ್! ಟಕ್! ಟಕ್!

ಮೂಲೆ ತಿರುಗಿ ನೋಡಿದರೆ ಸ್ಟೂಲು ಖಾಲಿ.

ಅವಳಿಗೆ ಗಾಬರಿಯಾಯಿತು. ಗೋಡೆ ಹಿಡಿಯದೆ ಎದ್ದು ನಿಲ್ಲಲಾಗದ ಮನುಷ್ಯ ಎಲ್ಲಿಗೆ ಹೋದರು? ನೋವು ಮರೆತು ಓಡಿದಳು. ಅಕ್ಕಪಕ್ಕದವರೆಲ್ಲ ಕಿಟಕಿಗೆ ಬಂದರು. ಹೊಸಿಲ ಬಳಿ ಶೂ ಕಳಚಿ ಒಳಗೆ ನುಗ್ಗಿದಳು.

ಮಾವ ಅಡಿಗೆಮನೆಯಲ್ಲಿ, ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯಲ್ಲಿ ಟೀ ಪುಡಿಯ ಡಬ್ಬ ಹಿಡಿದು ನಿಂತಿದ್ದರು. ಒಲೆಯ ಮೇಲಿನ ನೀರು ಆಗತಾನೆ ಕುದಿ ಬರುತ್ತಿತ್ತು.