ಇಂಡಿ ವಿಳಾಸದ ಡಿಶ್

ಆಕಾಶಕ್ಕೂ ಪಿನ್ ಕೋಡ್ ಇದೆ ಎಂದು ನನಗೆ ಗೊತ್ತಾದದ್ದು ನವಿ ಪೇಠದ ನಾಗೇಶನ ಟಿವಿ-ಡಿಶ್ ಅಂಗಡಿಯಲ್ಲಿ. ಅಲ್ಲಿಯವರೆಗೆ ಡಿಶ್ ಅಂದರೆ ಮೇಲಿನಿಂದ ಬಿದ್ದದ್ದನ್ನೆಲ್ಲ ಹಿಡಿಯುವ ಬುಟ್ಟಿ ಅಂದುಕೊಂಡಿದ್ದೆ. ಸೊಲ್ಲಾಪುರದ ವಕೀಲರ ಕಚೇರಿಯಲ್ಲಿ ದಿನವಿಡೀ ಟೈಪು ಮಾಡುವವಳು ನಾನು, ಕಾಯಿದೆಯ ಮಾತು ಹೊಸದೇನಲ್ಲ. ಆದರೂ ಇದು ತಲೆಗೆ ಹೋಗಲಿಲ್ಲ.

"ಬೀಳೂದು ಎಲ್ಲಾ ಕಡಿ ಬೀಳ್ತದ, ವೈನಿ," ಅಂದ ನಾಗೇಶ. "ಆದ್ರ ಕೀಲಿ ಕಂಪನಿ ಕೈಯಾಗ ಅದ. ವಿಳಾಸ ಮಹಾರಾಷ್ಟ್ರದ್ದಾದ್ರ ಆ ಚಾನೆಲ್ ತೆರಿಯಂಗಿಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಹಾಗೆ. ದೊಡ್ಡ ದೊಡ್ಡ ಕನ್ನಡ ಚಾನೆಲ್ಲುಗಳು ಬೇಕಾದರೆ ಒಂದೊಂದಾಗಿ ಸಿಗುತ್ತಿದ್ದವು. ಸಿಗದಿದ್ದದ್ದು ಒಂದೇ ಒಂದು, ಕಂಪನಿಯವರೇ ವಿಜಯಪುರದ ಕಡೆಯವರಿಗೆಂದು ನಡೆಸುವ ಸ್ಥಳೀಯ ಚಾನೆಲ್. ಅದರಲ್ಲಿ ಏನಿರುತ್ತದೆ ಅಂತೀರಿ? ಇಂಡಿಯ ನಿಂಬೆಹಣ್ಣಿನ ರೇಟು. ಯಾವುದೋ ಊರಿನ ಭಜನೆ ಮಂಡಳಿ. ಕೊಳವೆಬಾವಿಯ ಮುಂದೆ ಹಾರ ಹಾಕಿಕೊಂಡು ನಿಂತ ಯಾರೋ ಪಂಚಾಯಿತಿ ಸದಸ್ಯ. ಕವಡೆ ಕಾಸಿನ ಪ್ರಯೋಜನವಿಲ್ಲ. ಆದರೆ ನಮ್ಮ ಅತ್ತೆ ಗುರುಲಿಂಗಮ್ಮನ ತವರು ಇಂಡಿ ತಾಲೂಕು. ಮದುವೆಯಾಗಿ ಸೊಲ್ಲಾಪುರದ ಹತ್ತಿರದ ಈ ವಳಸಂಗಕ್ಕೆ ಬಂದು ಮೊಮ್ಮಗಳನ್ನು ಕಂಡರೂ ಅವರ ಕಿವಿ ಇನ್ನೂ ಆ ಕಡೆಗೇ. ಮನೆಯಲ್ಲಿ ಒಂದೂ ನಿಂಬೆಗಿಡ ಇಲ್ಲ, ರೇಟು ಮಾತ್ರ ತಪ್ಪದೆ ನೋಡುವರು. ಮಾರುಕಟ್ಟೆಯಲ್ಲಿ ರುಮಾಲಿನವರು ಯಾರಾದರೂ ಹಾದುಹೋದರೆ ಎದ್ದು ಟಿವಿಯ ಹತ್ತಿರ ಹೋಗಿ, "ಅಂವ ನಮ್ಮ ಶಂಕರೆಪ್ಪನ ಮಗ ಅಲ್ಲೇನು?" ಎಂದು ನಮ್ಮನ್ನೇ ಕೇಳುವರು.

ಅವರ ಸಲುವಾಗಿಯೇ ನನ್ನ ಗಂಡ ಸಿದ್ಧರಾಮ ಒಂದು ಕಿತಾಪತಿ ಮಾಡಿದರು. ಇಂಡಿ ತಾಲೂಕಿನ ಸೋದರಮಾವ ಅಮೋಗಸಿದ್ಧನ ಮನೆಯ ವಿಳಾಸ ಕೊಟ್ಟು, ಡಿಶ್ಶನ್ನು ಅಲ್ಲಿಯ ಮಾಳಿಗೆಯ ಮೇಲೆ ಕೂರಿಸಿಕೊಂಡರು. ಕಂಪನಿಯ ಹುಡುಗ ಅತ್ತ ಹೋದದ್ದೇ ತಡ, ಇವರು ನಟ್ಟು ತಿರುವುವ ಪಾನಾ ಹಿಡಿದು ಮೇಲೆ ಹತ್ತಿ ಬಿಚ್ಚಿದರು. ಮೋಟರ್‌ಸೈಕಲ್ಲಿನ ಹಿಂದೆ ಕೂತು ಆ ತಾಟನ್ನು ತಬ್ಬಿಕೊಂಡು ವಳಸಂಗಕ್ಕೆ ಬಂದವಳು ನಾನು. ಗಾಳಿ ಹೊಡೆದಾಗಲೆಲ್ಲ ಗಾಡಿ ಓಲಾಡುತ್ತಿತ್ತು, ಇವರು ನಗುತ್ತಿದ್ದರು. ಅಂದಿನಿಂದ ಕಂಪನಿಯ ಲೆಕ್ಕದಲ್ಲಿ ಸಿದ್ಧರಾಮ ಕರ್ನಾಟಕದವರು.

ಹೋದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಸೊಲ್ಲಾಪುರದ ಆಚೆಯ ಕೈಗಾರಿಕಾ ವಸಾಹತು, ಚಿಂಚೋಳಿ ಎಂಐಡಿಸಿಯ ಒಂದು ಗೋದಾಮಿನಲ್ಲಿ ಸುಪರ್‌ವೈಸರ್ ಆಗಿದ್ದರು. ಎದೆ ಹಿಡಿದಂತಾಗುತ್ತಿದೆ ಎಂದು ಮೂಟೆಯ ಮೇಲೆ ಕೂತವರು ಏಳಲಿಲ್ಲ.

ಸಾವಾದ ಮನೆಯಲ್ಲಿ ಟಿವಿ ಹಚ್ಚುವುದಿಲ್ಲ. ಅತ್ತೆ ತಮ್ಮ ಹಳೆಯ ಸೀರೆಯ ತುಂಡೊಂದನ್ನು ಅದರ ಮೇಲೆ ಹೊದಿಸಿದರು. ದಿನಕರ್ಮಗಳು ಮುಗಿದವು, ಬಂದವರು ಹೋದರು, ಬಟ್ಟೆಯನ್ನು ಯಾರೂ ತೆಗೆಯಲಿಲ್ಲ. ಮಗಳು ಪ್ರಣಿತಾ ಮೂಲೆಯಲ್ಲಿ ಕೂತು ಸದ್ದಿಲ್ಲದೆ ಮೊಬೈಲ್ ನೋಡುವಳು. ಅತ್ತೆ ಹೆಚ್ಚು ಮಾತಾಡುತ್ತಲೇ ಇರಲಿಲ್ಲ. ಕೇಳಿದ್ದಕ್ಕೆ ಹೂಂ, ಇಲ್ಲ, ಅಷ್ಟೆ.

ನಾನು ಅತ್ತಿರಲಿಲ್ಲ. "ಗಟ್ಟಿ ಹೆಣ್ಮಗಳು" ಎಂದು ಎದುರಿಗೆ ಅಂದರು, ಬೆನ್ನ ಹಿಂದೆ ಏನಂದರೋ ಅದೂ ಗೊತ್ತು. ನಾಲಿಗೆಗೆ ಎಲುಬಿಲ್ಲ, ಅನ್ನಲಿ. ಚಕ್ಕಳಮಕ್ಕಳ ಕೂತು ಕಾಲಿಗೆ ಜೋಮು ಹಿಡಿಯುತ್ತದಲ್ಲ, ನಾನು ಇಡಿಯಾಗಿ ಹಾಗಾಗಿದ್ದೆ. ಬ್ಯಾಂಕಿಗೆ ಹೋದೆ, ಗೋದಾಮಿನ ಆಫೀಸಿಗೆ ಹೋದೆ, ಲೈಟ್ ಬಿಲ್ಲಿನವರಲ್ಲಿಗೆ ಹೋದೆ. ಹೇಳಬೇಕಾದದ್ದನ್ನು ಹೇಳಿ, ತೋರಿಸಿದಲ್ಲಿ ಸಹಿ ಮಾಡಿ, ಮನೆಗೆ ಬಂದು ಊಟ ಮಾಡಿದೆ. ರೊಟ್ಟಿ ರೊಟ್ಟಿಯ ಹಾಗೇ ಇತ್ತು. ನನಗೆ ಏನೂ ಅನಿಸುತ್ತಿರಲಿಲ್ಲ, ಏನೂ ಅನಿಸುತ್ತಿಲ್ಲವಲ್ಲ ಎಂಬ ಹೆದರಿಕೆ ಕೂಡ ಇರಲಿಲ್ಲ.

ಇವರು ಹೋದ ಮೇಲೆ ನಾವು ಮಾಡಿದ ಮೊದಲ ಹಬ್ಬ ಯುಗಾದಿ. ಅದು ಹೇಗೋ ಕಳೆಯಿತು. ಮರುದಿನ ಅತ್ತೆ ತಾವೇ ಎದ್ದು ಟಿವಿಯ ಮೇಲಿನ ಬಟ್ಟೆ ಎಳೆದು ಮಡಚಿ ಇಟ್ಟರು.

"ಟಿವಿ ಹಚ್ಚು, ನಂದಾ."

ಮಗ ಹೋದ ಮೇಲೆ ಅವರು ಬಾಯಿಬಿಟ್ಟು ಕೇಳಿದ ಮೊದಲನೆಯ ವಸ್ತು ಅದು. ಹಚ್ಚಿದೆ. ಇವರು ವರ್ಷದ ದುಡ್ಡು ಮೊದಲೇ ಕಟ್ಟಿದ್ದರಿಂದ ಮರಾಠಿ ಚಾನೆಲ್ಲುಗಳು ಒಂದರ ಹಿಂದೊಂದು ಬಂದವು. ಅತ್ತೆಯ ಚಾನೆಲ್ ಇದ್ದ ಜಾಗದಲ್ಲಿ ಬರೀ ನೀಲಿ ಪರದೆ, ವಿಳಾಸ ಖಚಿತಪಡಿಸಿ ಎಂಬ ಒಂದು ಸಾಲು. ಕಂಪನಿಯವರು ಮೆಸೇಜ್ ಮೇಲೆ ಮೆಸೇಜ್ ಕಳಿಸಿದ್ದರಂತೆ, ಇವರ ಫೋನಿಗೆ. ಆ ಫೋನು ಬಂದ್ ಆಗಿ ಕಪಾಟಿನಲ್ಲಿ ಬಿದ್ದಿತ್ತು.

"ಇಂಡಿ ಇಲ್ಲೇನು?" ಅಂದರು ಅತ್ತೆ.

"ನಾಳಿ ತರ್ತೀನ್ರಿ," ಅಂದೆ, ಸಂತೆಯಿಂದ ಬದನೆಕಾಯಿ ತರುವವಳ ಹಾಗೆ.

ಅದಕ್ಕೇ ನಾಗೇಶನ ಅಂಗಡಿಗೆ ಹೋದದ್ದು. ಅವನು ಇವರ ಜೊತೆ ಓದಿದವನು, ನನ್ನನ್ನು ಅತ್ತಿಗೆಯಂತೆ ವೈನಿ ಅನ್ನುವವನು. ಎಲ್ಲ ಬಿಡಿಸಿ ಹೇಳಿದ. ಖಾತೆಯವರು ತೀರಿಕೊಂಡಿದ್ದಾರೆ ಅಂದರೆ ಈ ಕನೆಕ್ಷನ್ ಮುಚ್ಚಿ, ನನ್ನ ಹೆಸರಲ್ಲಿ ವಳಸಂಗದ ವಿಳಾಸಕ್ಕೆ ಹೊಸದು ಕೊಡುತ್ತಾರೆ. ಅಲ್ಲಿಗೆ ಆ ಚಾನೆಲ್ಲಿನ ಋಣ ಮುಗಿಯಿತು. ಮತ್ತೆ ಮಾವನ ಮನೆಗೆ ಹಾಕಿಸಿ ಬಿಚ್ಚಿ ತರೋಣ ಅಂದರೆ, ಈಗ ಡಿಶ್ ಎಲ್ಲಿ ಕೂತಿದೆ ಎಂದು ಆಗಾಗ ಫೋಟೊ ಕೇಳುತ್ತಾರಂತೆ. ಹಳೆಯ ಗಿರಾಕಿಗಳಿಗೆ ಮಾತ್ರ ಫೋಟೊ ಬೇಡ, ವಿಳಾಸ ಅದೇ ಹೌದೇ ಎಂದು ಒಂದು ಫೋನ್ ಬರುತ್ತದೆ. ಮನೆಯವರು ಯಾರಾದರೂ ಹೌದು ಅಂದರೆ ಸಾಕು.

"ಅವ್ರು ಇಂಡಿ ಮನ್ಯಾಗ ಅದಾರ, ಕೆಲಸಕ್ಕ ಹೋಗ್ಯಾರ. ಇಷ್ಟ ಅನ್ರಿ, ವೈನಿ. ಹೆಚ್ಚಿಗಿ ಮಾತ ಬ್ಯಾಡ." ಆಮೇಲೆ ನನ್ನ ಮುಖ ನೋಡಿ, "ನಿಮಗ ಆಗ್ತದೇನು?" ಅಂದ.

"ಆಗ್ಲಾರದ್ದು ಏನದ ಇದರಾಗ," ಅಂದೆ. ನಿಜಕ್ಕೂ ಹಾಗೇ ಅನಿಸಿತ್ತು.

ಇವರ ಫೋನಿಗೆ ರೀಚಾರ್ಜ್ ಮಾಡಿಸಿ, ಚಾರ್ಜಿಗೆ ಹಾಕಿ ಇಟ್ಟೆ. ಭಾನುವಾರ ಊಟವಾಗಿ, ಅತ್ತೆ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಾಗ ಅದು ರಿಂಗಾಯಿತು. ಬೆಂಗಳೂರಿನ ಕಡೆಯ ಮಾತಿನ ಹುಡುಗಿ.

"ಸಿದ್ಧರಾಮ ಅವರ ಮನೆಯಾ ಮೇಡಂ? ಅವರು ಇದೇ ಇಂಡಿ ವಿಳಾಸದಲ್ಲಿ ವಾಸ ಇದ್ದಾರಾ?"

"ಅದಾರ್ರಿ."

"ಈಗ ಮನೇಲಿದ್ದಾರಾ?"

"ಇಲ್ರಿ, ಕೆಲಸಕ್ಕ ಹೋಗ್ಯಾರ."

"ಯಾವಾಗ ಬರ್ತಾರೆ?"

ನಾಗೇಶ ಇದನ್ನು ಹೇಳಿಕೊಟ್ಟಿರಲಿಲ್ಲ. "ಸಂಜಿಕ," ಅಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಬಾಯಿ ನನ್ನ ಮಾತು ಕೇಳಲಿಲ್ಲ. "ಬಂದ ಕೂಡ್ಲೆ ಚಾ ಬೇಕ್ರಿ ಅವ್ರಿಗೆ. ಕುಡದು ಟಿವಿ ಮುಂದ ಕೂಡ್ತಾರ, ಕೂತಲ್ಲೇ ನಿದ್ದಿ ಹತ್ತತದ. ಬಂದ್ ಮಾಡಿದ್ರ ಎಚ್ಚರಾಗಿ, ಯಾಕ ಬಂದ್ ಮಾಡಿದಿ, ನಾ ನೋಡಾಕತ್ತಿದ್ದೆ ಅಂತಾರ."

ಹುಡುಗಿ ನಕ್ಕಳು. "ನಮ್ಮಪ್ಪನೂ ಹಾಗೇ ಮೇಡಂ!"

"ಹೌದೇನ್ರಿ?" ಅಂದೆ. ನಾನೂ ನಗುತ್ತಿದ್ದೆ. "ಅವ್ವನ ಚಾನೆಲ್ ಬರ್ಲಿಲ್ಲಂದ್ರ ಬೈತಾರ್ರಿ ನನಗ. ನೀ ಮನ್ಯಾಗ ಇದ್ದು ಏನು ಮಾಡ್ತಿ ಅಂತಾರ."

"ಆಯ್ತು ಮೇಡಂ, ಈಗಲೇ ಬರುತ್ತೆ. ಸರ್‌ಗೆ ಹೇಳಿ."

"ಹೇಳ್ತೀನ್ರಿ, ಬಂದ ಮ್ಯಾಲ ಹೇಳ್ತೀನಿ."

ಅವಳು ಫೋನ್ ಇಟ್ಟರೂ ನಾನು ಕಿವಿಯಿಂದ ತೆಗೆಯಲಿಲ್ಲ. ಇನ್ನೂ ಹೇಳಬೇಕಾದ್ದು ಬಹಳ ಇತ್ತು. ಇಷ್ಟು ತಿಂಗಳಲ್ಲಿ ನನಗೆ ಮೊದಲ ಸಲ ಸುಖ ಅನಿಸಿತ್ತು, ಅದನ್ನು ಮುಚ್ಚಿಟ್ಟು ಏನು ಮಾಡಲಿ.

ನೀಲಿ ಪರದೆ ಹೋಗಿ ಇಂಡಿ ಬಂತು. ಯಾರೋ ನಿಂಬೆಹಣ್ಣಿನ ರಾಶಿಯ ಮುಂದೆ ನಿಂತು ಮಾತಾಡುತ್ತಿದ್ದರು. ಅತ್ತೆ ಟಿವಿ ನೋಡುತ್ತಿರಲಿಲ್ಲ. ಮೊರ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು.

"ಸಂಜಿಕ ಬರ್ತಾನಂದಿ," ಅಂದರು. "ನಾ ಬಾಗಲ ಕಡಿ ನೋಡಿದೆ."

"ಹಾಂಗ ಹೇಳಬೇಕಾಗಿತ್ರಿ, ಅತ್ತಿ. ನಿಮ್ಮ ಚಾನೆಲ್ ಸಲುವಾಗಿ."

"ಬ್ಯಾಡ." ಅವರು ಗೋಡೆ ಹಿಡಿದು ಎದ್ದು ಹೋಗಿ ಟಿವಿಯ ಬಟನ್ ಒತ್ತಿದರು. "ನಿಂಬಿಹಣ್ಣಿನ ರೇಟ್ ನೋಡಾಕ ಮಣ್ಣಾಗ ಮಲಗಿದಂವನ್ನ ಎಬ್ಬಿಸಬ್ಯಾಡ. ಮತ್ತ ಹಚ್ಚು ಫೋನ. ಖರೇ ಏನದ ಅದನ್ನ ಹೇಳು."

"ಹೇಳಿದ್ರ ಮತ್ತ ಬರಂಗಿಲ್ರಿ ಅದು. ಎಂದೂ ಬರಂಗಿಲ್ಲ."

"ಬರಬ್ಯಾಡ. ನನಗ ತವರೇನು ಇನ್ನ. ನೀ ಹಿಂಗ ನಕ್ಕೋತ ಅಂವನ ಸುದ್ದಿ ಹೇಳಾಕತ್ತಿದ್ರ, ನಾಳಿ ಮತ್ತ ಯಾರ ಮುಂದ ಹೇಳ್ತಿ? ಹಚ್ಚು."

ಹಚ್ಚಿದೆ. ಈ ಸಲ ಬೇರೆ ಹುಡುಗಿ. "ನಮಸ್ಕಾರ, ಹೇಳಿ ಮೇಡಂ."

ಈ ಮಾತು ಹೇಳುವುದರಲ್ಲಿ ನಾನು ಪಳಗಿದವಳು, ಎಷ್ಟೋ ಕೌಂಟರುಗಳ ಮುಂದೆ ಹೇಳಿದವಳು. ಬಾಯಿ ತೆರೆದೆ. ಬರಲಿಲ್ಲ. ಆಗ ಹೊಳೆಯಿತು. ಬ್ಯಾಂಕಿನಲ್ಲಿ, ಗೋದಾಮಿನಲ್ಲಿ, ಲೈಟಿನವರಲ್ಲಿ, ವಕೀಲರ ಮುಂದೆ, ಎಲ್ಲ ಕಡೆ ನಾನು ಅದನ್ನು ಮರಾಠಿಯಲ್ಲಿ ಹೇಳಿದ್ದೆ. ತೀರಿಕೊಂಡರು ಅನ್ನುವುದಕ್ಕೆ ವಾರಲೇ ಎಂದು ಒಂದು ಶಬ್ದ, ಆಫೀಸಿನ ಶಿಕ್ಕಾ ಹೊಡೆದ ಹಾಗೆ. ನಮ್ಮ ಮಾತಿನಲ್ಲಿ ಯಾರಿಗೂ ಹೇಳುವ ಪ್ರಸಂಗವೇ ಬಂದಿರಲಿಲ್ಲ. ಊರಿನವರಿಗೆ ನನಗಿಂತ ಮೊದಲೇ ಗೊತ್ತಾಗಿತ್ತು, ನನಗೆ ಹೇಳಿದವರು ಅವರೇ.

"ಹಲೋ? ಕೇಳಿಸ್ತಾ ಇದೆಯಾ ಮೇಡಂ?"

"ನಮ್ಮ ಮನಿಯವ್ರು," ಅಂದೆ. "ಸಿದ್ಧರಾಮ ಅಂತ್ರಿ. ನಮ್ಮ ಮನಿಯವ್ರು ಸತ್ತುಹೋಗ್ಯಾರ್ರಿ."

ಆಮೇಲೆ ಬಂದ ಸದ್ದು ನನ್ನದೆಂದು ನನಗೆ ತಿಳಿಯಲಿಲ್ಲ. ಒಳಗಿನಿಂದ ಪ್ರಣಿತಾ ಓಡಿ ಬಂದಳು. ಫೋನು ಕೈಜಾರಿ ಜೋಳದ ಮೊರದಲ್ಲಿ ಬಿತ್ತು. ಅದರೊಳಗಿನ ದನಿ ಮೇಡಂ, ಮೇಡಂ ಅನ್ನುತ್ತಲೇ ಇತ್ತು. ಅತ್ತೆ ಒಂದು ಕೈಯಿಂದ ನನ್ನ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದು, ಇನ್ನೊಂದರಿಂದ ಫೋನ್ ಎತ್ತಿಕೊಂಡರು.

"ಸ್ವಲ್ಪ ತಡಿ, ತಂಗಿ," ಅಂದರು. "ಈಕಿ ಅಳಾಕತ್ತಾಳ."